ಎಂಬತ್ತಕ್ಕೆ ಎಬ್ಬಿಸಿದ ಬೇಸಿಗೆ

ಕಳೆದ ವಾರ ತುಮಕೂರಿನಿಂದ ತರೀಕೆರೆಗೆ ಹೊರಟವಳು ಕಡೂರಿನಲ್ಲಿ ಕಾರನ್ನು ಚಾರ್ಜಿಗೆ ಹಾಕಿ, ಪಕ್ಕದ ಗಿರಿಜಕ್ಕನ ಹೋಟೆಲಿಗೆ ಕಾಲಿಟ್ಟೆ. ಒಳಗೆ ಉಪ್ಪೆಸರಿನ ಖಾರಕ್ಕೆ ಬೆಳ್ಳುಳ್ಳಿ ಅರೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮೂರು ವರ್ಷದ ಹಿಂದಿನ ಒಂದು ಬೇಸಿಗೆ ಪೂರ್ತಿಯಾಗಿ ಎದುರು ಬಂದು ನಿಂತಿತು. ಮರೆತಿದ್ದೆ ಅಂತಲ್ಲ. ನೆನಪಿಸಿಕೊಳ್ಳದೆ ಇರುವ ಉಪಾಯಗಳನ್ನು ಚೆನ್ನಾಗಿ ಕಲಿತಿದ್ದೆ, ಅಷ್ಟೆ.

ನನ್ನದು ಮೊಬೈಲ್ ಆ್ಯಪ್‌ಗಳ ಪರದೆ ರೂಪಿಸುವ ಕೆಲಸ. ಯಾವ ಬಟನ್ ಎಲ್ಲಿರಬೇಕು, ಯಾವ ಮಾತು ಮೊದಲು ಕಾಣಬೇಕು, ಅಕ್ಷರ ಎಷ್ಟು ದಪ್ಪಗಿರಬೇಕು ಎಂದು ಯೋಚಿಸುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ನಮ್ಮ ನೆಂಟರು ಈಗಲೂ ನಂಬುವುದಿಲ್ಲ. ನಂಬುತ್ತಿದ್ದವರು ಅಪ್ಪ ಒಬ್ಬರೇ, ಯಾಕೆಂದರೆ ಅವರದೂ ಹೆಚ್ಚುಕಮ್ಮಿ ಅದೇ ಕೆಲಸ. ತರೀಕೆರೆಯಲ್ಲಿ ಬದುಕಿದ್ದಷ್ಟು ಕಾಲ ಬೋರ್ಡು ಬರೆದರು. ಬಸ್ಸಿನ ಬೋರ್ಡು, ಕ್ಲಿನಿಕ್ಕಿನ ಬೋರ್ಡು, ರೈಸ್ ಮಿಲ್ಲಿನ ಗೋಡೆ. ಬರೆದು ಮುಗಿಸಿದ ಮೇಲೆ ರಸ್ತೆಯ ಆಚೆ ಬದಿಗೆ ಹೋಗಿ, ಕಣ್ಣು ಅರ್ಧ ಮುಚ್ಚಿಕೊಂಡು ನೋಡುತ್ತಿದ್ದರು. ಬಸ್ಸು ತಪ್ಪಿಹೋಗುತ್ತದೆಂದು ಓಡಿಬರುವವನಿಗೆ ಕಾಣಬೇಕು, ಕೂತು ಓದುವವನಿಗೆ ಹೇಗೆ ಬರೆದರೂ ಕಾಣುತ್ತದೆ ಎನ್ನುವುದು ಅವರ ಲೆಕ್ಕ. ನಾನು ಕಾಲೇಜಿನಲ್ಲಿ ಕಲಿತದ್ದು ಬಹಳ ಇದೆ, ಆದರೆ ಕೆಲಸಕ್ಕೆ ಬಂದದ್ದು ಇದೊಂದೇ.

ಆ ವರ್ಷ ನಮ್ಮ ಕಂಪನಿ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಪಾಯಿಂಟ್ ಹಾಕಿತ್ತು. ಒಂದೊಂದರಲ್ಲಿ ಎರಡೆರಡು ಗನ್. ಕಾರಿಗೆ ಚುಚ್ಚುವ ಆ ದಪ್ಪ ಪ್ಲಗ್ಗಿಗೆ ಎಲ್ಲರೂ ಗನ್ ಅಂತಲೇ ಅನ್ನುವುದು. ಗನ್ ಚುಚ್ಚಿ, ಫೋನಿನಲ್ಲಿ ಆ್ಯಪ್ ತೆರೆದು ಒತ್ತಿದರೆ ಕರೆಂಟು ಹರಿಯಬೇಕು. ಹರಿಯುತ್ತಲೂ ಇತ್ತು. ಆದರೆ ಆ್ಯಪ್ ಬಗ್ಗೆ ಮಾತ್ರ ಬೈಗುಳದ ಸುರಿಮಳೆ. ಆಫೀಸಿನಲ್ಲಿ ಕೂತು ತಲೆ ಕೆಡಿಸಿಕೊಳ್ಳುವ ಬದಲು ಅಲ್ಲೇ ಹೋಗಿ ಕೂತು ನೋಡು, ನಿನ್ನದೇ ಸೀಮೆ ತಾನೇ ಎಂದು ನಮ್ಮ ಮ್ಯಾನೇಜರು ನನ್ನನ್ನು ಕಳಿಸಿದರು. ಶಿವರಾತ್ರಿ ಕಳೆದ ವಾರ ಬಂದವಳು ರೋಹಿಣಿ ಮಳೆ ಹಿಡಿಯುವವರೆಗೆ ಇದ್ದೆ. ತರೀಕೆರೆಯಲ್ಲಿ ಅಕ್ಕನ ಮನೆಯಲ್ಲಿ ಊಟ, ನಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಕಡೂರು, ವಾರಕ್ಕೊಂದು ದಿನ ಅಜ್ಜಂಪುರ.

ಮೊದಲ ತಿಂಗಳು ನನಗೆ ಜಂಬ ತಂದ ತಿಂಗಳು. ಬಂದ ದಿನವೇ ಒಂದು ತಪ್ಪು ಸಿಕ್ಕಿತು. ನಮ್ಮ ಪರದೆಯ ಬಿಳಿ ಮೇಲಿನ ತೆಳು ಬೂದು ಅಕ್ಷರ ಕಡೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುತ್ತಲೇ ಇರಲಿಲ್ಲ. ಡ್ರೈವರುಗಳು ಫೋನನ್ನು ಅಂಗಿಯೊಳಗೆ ಹಿಡಿದು, ತಲೆಯನ್ನೂ ಒಳಗೆ ತೂರಿಸಿ ನೋಡುತ್ತಿದ್ದರು. ಅಪ್ಪನ ಬಸ್ ಬೋರ್ಡು ನೆನಪಾಗಿ ಹಳದಿಯ ಮೇಲೆ ಕಪ್ಪು ಮಾಡಿದೆ. ಇನ್ನೊಂದು, ಕನ್ನಡ. ಆಫೀಸಿನಲ್ಲಿ ಯಾರೋ ಪುಣ್ಯಾತ್ಮರು ಚಾರ್ಜಿಂಗ್ ಮುಗಿದಾಗ 'ನಿಮ್ಮ ಅಧಿವೇಶನ ಮುಕ್ತಾಯಗೊಂಡಿದೆ' ಎಂದು ಬರುವಂತೆ ಮಾಡಿದ್ದರು. ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರದ ಯಜಮಾನರೊಬ್ಬರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿ, ಅಧಿವೇಶನ ನಡೆದದ್ದು ಎಲ್ಲಿ ಎಂದು ಬಹಳ ಗಂಭೀರವಾಗಿ ವಿಚಾರಿಸಿದರು. 'ಚಾರ್ಜ್ ಆಯ್ತು' ಎಂದು ಬದಲಾಯಿಸಿದೆ. ಬೈಗುಳ ಅರ್ಧಕ್ಕರ್ಧ ಇಳಿಯಿತು. ಮ್ಯಾನೇಜರು ಹೊಗಳಿದರು. ನಾನೂ ನನ್ನನ್ನು ಸಾಕಷ್ಟು ಹೊಗಳಿಕೊಂಡೆ.

ಇಳಿಯದೆ ಉಳಿದದ್ದು ಒಂದೇ ತಕರಾರು: ಗನ್ ಖಾಲಿ ಇರುವುದಿಲ್ಲ. ಕಾರಿನ ಬ್ಯಾಟರಿ ನೂರಕ್ಕೆ ಎಂಬತ್ತು ತುಂಬುವವರೆಗೆ ಬೇಗ ತುಂಬುತ್ತದೆ, ಆಮೇಲೆ ಆಮೆಯ ಹಾಗೆ. ಮೊದಲ ಎಂಬತ್ತಕ್ಕೆ ಹಿಡಿದಷ್ಟೇ ಹೊತ್ತು ಕೊನೆಯ ಇಪ್ಪತ್ತಕ್ಕೂ ಹಿಡಿಯುತ್ತದೆ. ಅದಕ್ಕೇ ಎಂಬತ್ತಾದ ಕೂಡಲೇ 'ದಯವಿಟ್ಟು ಗನ್ ಬಿಟ್ಟುಕೊಡಿ' ಎಂದು ಆ್ಯಪ್ ಹೇಳುತ್ತಿತ್ತು. ಒಬ್ಬರೂ ಬಿಡುತ್ತಿರಲಿಲ್ಲ. ಅದಕ್ಕಿಂತ ವಿಚಿತ್ರ ಅಂದರೆ ಕಾಯುವವರೂ ಕೇಳುತ್ತಿರಲಿಲ್ಲ. ಗನ್ ಹಿಡಿದವರು ಗಿರಿಜಕ್ಕನ ಹೋಟೆಲಿನಲ್ಲಿ ಮುದ್ದೆ ಮುರಿಯುತ್ತಿದ್ದರೆ, ಕಾಯುವವರು ಪಕ್ಕದ ಬೆಂಚಿನಲ್ಲೇ ಕೂತು ಮಳೆ, ಕೊಬ್ಬರಿ, ಬೋರ್‌ವೆಲ್ ಎಂದು ಮಾತಾಡುತ್ತಿದ್ದರು. ನಿಮ್ಮದು ತುಂಬಿದೆ, ತೆಗೀರಿ ಎಂಬ ಒಂದು ಮಾತು ಮಾತ್ರ ಹೊರಡುತ್ತಿರಲಿಲ್ಲ. ಒಂದು ದಿನವಂತೂ ಒಂದು ಕಾರು ನೂರಾಗಿ ನಿಂತಿದೆ, ಅದರ ಯಜಮಾನರು ಗನ್ ಕೀಳದೆ ಕೂತಿದ್ದಾರೆ. ಯಾಕೆ ಎಂದರೆ, ಪಕ್ಕದ ಗನ್ನಿನವರದು ಇನ್ನೂ ಆಗಿಲ್ಲವಂತೆ. ಜೊತೆಯಲ್ಲಿ ಕೂತವರು, ಜೊತೆಯಲ್ಲೇ ಏಳೋಣ ಅಂತ.

ಇದನ್ನು ಬಿಡಿಸಿ ಹೇಳಿದವರು ಮಲ್ಲೇಶಣ್ಣ. ಯಗಟಿಯವರು. ನಾಲ್ಕು ಎಕರೆ ತೆಂಗು, ಸ್ವಲ್ಪ ರಾಗಿ ಹೊಲ, ಜೊತೆಗೆ ಬಾಡಿಗೆಗೆ ಓಡಿಸುವ ಒಂದು ಹಳೆಯ ಎಲೆಕ್ಟ್ರಿಕ್ ಕಾರು. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ತಮ್ಮೂರಿನ ರತ್ನಮ್ಮ ಟೀಚರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಡೂರಿಗೆ ಬಂದು, ಚಾರ್ಜ್ ಮಾಡಿಕೊಂಡು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗುತ್ತಿದ್ದರು. ಟೀಚರಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್. ಮೊದಲು ಡೀಸೆಲ್ ಗಾಡಿಯಲ್ಲಿ ಹೋಗುತ್ತಿದ್ದಾಗ ವಾಪಸು ಬರುವ ದಾರಿಯುದ್ದಕ್ಕೂ ವಾಂತಿಯಾಗಿ, ಇದಕ್ಕಿಂತ ಹೋಗದಿರುವುದೇ ಮೇಲು ಎಂದು ಒಂದೆರಡು ಸಲ ತಪ್ಪಿಸಿಯೂ ಇದ್ದರಂತೆ. ಮಲ್ಲೇಶಣ್ಣನ ಕಾರಿನಲ್ಲಿ ವಾಸನೆಯಿಲ್ಲ, ನಡುಕವಿಲ್ಲ. ಮನೆ ಬಾಗಿಲವರೆಗೂ ನಿದ್ದೆ ಮಾಡಿಕೊಂಡು ಬರುತ್ತಿದ್ದರು. ಮಲ್ಲೇಶಣ್ಣ ಅವರ ಹತ್ತಿರ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿತವರು.

ಕಾಯುವ ಬದಲು ಒಂದು ಮಾತು ಹೇಳಬಾರದೇ ಎಂದು ನಾನು ಅವರನ್ನು ಕೇಳಿದ್ದೆ.

"ಉಣ್ತಾ ಇರೋರನ್ನ ಎಬ್ಸೋದಾ ಮೇಡಂ? ಅದೇನ್ ಚೆಂದ" ಅಂದರು.

ಉಣ್ಣುತ್ತಿರುವುದು ಕಾರು, ಮನುಷ್ಯರಲ್ಲ ಎಂದೆ.

"ಯಾರಾದ್ರೇನು. ಮೇವಿಗೆ ಬಾಯಿ ಹಾಕಿದ್ ದನಾನ ಯಾರಾರ ಎಳ್ಕಂಡು ಹೋಯ್ತಾರಾ?"

ಅವರ ತಾಯಿಯ ಊರು ಎಮ್ಮೆದೊಡ್ಡಿ. ಅಲ್ಲಿನ ಕಾವಲಿನ ಹುಲ್ಲು ಮೇಯುವ ಅಮೃತ ಮಹಲ್ ದನಗಳ ನಡುವೆ ಬೆಳೆದ ಮನೆ. ಆ ಲೆಕ್ಕ ಅವರಿಗೆ ಸಹಜ. ನನಗೆ ಮಾತ್ರ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಪರದೆಯಲ್ಲಿ ಏನೇ ಬರೆದರೂ ಈ ಜನ ಕಾರನ್ನು ಪಂಕ್ತಿಯಲ್ಲಿ ಕೂರಿಸಿ ಉಣಿಸುತ್ತಿದ್ದಾರಲ್ಲ ಅನ್ನಿಸಿತು.

ಆ ದಿನ ಟೀಚರು ಕಾರಿನೊಳಗೇ ಕೂತಿದ್ದರು. ಸಣ್ಣ ಮೈ, ಬಿಗಿಯಾಗಿ ಬಾಚಿದ ಬಿಳಿ ಕೂದಲು, ಡಯಾಲಿಸಿಸ್ ಸೂಜಿಯ ಗುರುತು ಮುಚ್ಚಲು ಎಡಗೈಗೆ ಮಾತ್ರ ಉದ್ದ ತೋಳಿನ ರವಿಕೆ. ನನ್ನ ಹೊಸ ಹಳದಿ ಪರದೆಯನ್ನು ಅವರಿಗೂ ತೋರಿಸಿದೆ. ಹೊಗಳಿಕೆಗೆ ಹಾತೊರೆಯುವ ಸ್ವಭಾವ ನನ್ನದು. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಅಕ್ಷರ ಚೆನ್ನಾಗಿವೆ. ಆದ್ರೆ ಇದು ಏನೂ ಕೇಳೋದೇ ಇಲ್ವಲ್ಲಮ್ಮ. ಬರೀ ಹೇಳುತ್ತೆ."

ಟೀಚರುಗಳ ಅಭ್ಯಾಸ, ಎಲ್ಲದರಲ್ಲೂ ಒಂದು ತಪ್ಪು ಹುಡುಕುತ್ತಾರೆ ಎಂದುಕೊಂಡು ಫೋನು ವಾಪಸು ತೆಗೆದುಕೊಂಡೆ.

ಏಪ್ರಿಲ್‌ನಲ್ಲಿ ಬಿಸಿಲು ಏರಿದ ಹಾಗೆ ಕಾಯುವ ಕಾರುಗಳೂ ಹೆಚ್ಚಿದವು. ಅಶ್ವಿನಿ ಮಳೆ ಹುಸಿಹೋಯಿತು. ಮಧ್ಯಾಹ್ನ ಮೋಡ ಕಟ್ಟುವುದು, ಧೂಳೆಬ್ಬಿಸುವ ಗಾಳಿ ಬೀಸುವುದು, ನಾಲ್ಕು ಹನಿ ಬಿದ್ದು ಸೆಕೆ ಇನ್ನೂ ಏರುವುದು. ಆಫೀಸಿನಿಂದ ದಿನವೂ ಫೋನು. ಒಂದು ಸಂಜೆ ನಾನೇ ಉಪಾಯ ಹೇಳಿದೆ: ಬಿಡಿ ಎಂದು ಬೇಡುವುದು ಯಾಕೆ, ಎಂಬತ್ತಕ್ಕೆ ತಾನಾಗಿಯೇ ನಿಲ್ಲಲಿ. ನಿಜವಾಗಿ ಇನ್ನೂ ಬೇಕಾದವರು 'ಮತ್ತೆ ಶುರು' ಎಂಬ ಬಟನ್ ಒತ್ತಿಕೊಳ್ಳಲಿ. ಮ್ಯಾನೇಜರಿಗೆ ಬಹಳ ಹಿಡಿಸಿತು. ಎರಡೇ ದಿನದಲ್ಲಿ ಜಾರಿಗೆ ಬಂತು. ಗನ್ ಬೇಗ ಬೇಗ ಖಾಲಿಯಾಗತೊಡಗಿತು. ನನ್ನ ಲ್ಯಾಪ್‌ಟಾಪಿನಲ್ಲಿ ದಿನಕ್ಕೆ ಎಷ್ಟು ಕಾರು ಚಾರ್ಜ್ ಆದವೆಂದು ತೋರಿಸುವ ಗೆರೆ ಮೇಲಕ್ಕೆ ಹೋಯಿತು. 'ಮತ್ತೆ ಶುರು' ಬಟನ್ನನ್ನು ಮಾತ್ರ ಯಾರೂ ಒತ್ತಲಿಲ್ಲ. ಯಾರಿಗೂ ಬೇಕಿಲ್ಲ ಅಂತ ತಾನೇ ಅರ್ಥ ಎಂದುಕೊಂಡೆ. ಹಾಗಂತ ವರದಿಯನ್ನೂ ಬರೆದು ಕಳಿಸಿದೆ.

ಭರಣಿ ಮಳೆಯ ಕಾಲ, ಆದರೆ ಮಳೆಯಿಲ್ಲದ ಒಂದು ಶುಕ್ರವಾರ. ಬೆಳಿಗ್ಗೆ ಮಲ್ಲೇಶಣ್ಣನ ಕಾರು ಎಂಬತ್ತಕ್ಕೆ ನಿಂತಿತು. ಅವರು ಫೋನು ನೋಡಿದರು, ಹಿಂದೆ ಕಾಯುತ್ತಿದ್ದ ಕಾರನ್ನು ನೋಡಿದರು, ಗನ್ ಕಿತ್ತು ಹೊರಟರು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ನಾನು ಗಿರಿಜಕ್ಕನ ಹೋಟೆಲಿನ ಕಿಟಕಿಯ ಪಕ್ಕ ಕೂತು ನನ್ನ ಗೆರೆಯನ್ನು ನೋಡುತ್ತಿದ್ದೆ. ಎರಡೂ ಗನ್ನಿನಲ್ಲಿ ಮದುವೆಗೆ ಹೊರಟವರ ಕಾರು. ಒಂದು ಅರವತ್ತರಲ್ಲಿತ್ತು, ಇನ್ನೊಂದು ಐವತ್ತೈದರಲ್ಲಿ. ಅವರೆಲ್ಲ ಒಳಗೆ ಊಟಕ್ಕೆ ಕೂತಿದ್ದರು, ಬೀರೂರಿಗೆ ಹೋಗುವವರು. ಅಷ್ಟರಲ್ಲಿ ಮಲ್ಲೇಶಣ್ಣನ ಕಾರು ಚಿಕ್ಕಮಗಳೂರಿನ ಕಡೆಯಿಂದ ಬಂದು ನಿಂತಿತು. ಅವರು ಇಳಿದರು, ಎರಡೂ ಗನ್ ನೋಡಿದರು, ಹೋಟೆಲಿನ ಒಳಗೆ ಒಂದು ಸಲ ಇಣುಕಿದರು. ನಾನು ಕೈ ಎತ್ತಿದೆ. ಅವರೂ ಎತ್ತಿದರು. ಆಮೇಲೆ ಕಾರು ಹತ್ತಿ ಯಗಟಿ ರಸ್ತೆಗೆ ತಿರುಗಿಸಿಕೊಂಡು ಹೋದರು. ಚಾರ್ಜ್ ಬೇಕಿರಲಿಲ್ಲವೇನೋ ಎಂದುಕೊಂಡು ನಾನು ಮಜ್ಜಿಗೆ ತರಿಸಿ ಕುಡಿದೆ.

ಮುಂದಿನ ಮಂಗಳವಾರ ಅವರು ಬರಲಿಲ್ಲ. ವಿಷಯ ಗೊತ್ತಾದದ್ದು ಗಿರಿಜಕ್ಕನಿಂದ. ಯಗಟಿಗೆ ಇನ್ನೂ ಆರೇಳು ಕಿಲೋಮೀಟರ್ ಇರುವಾಗ ಕಾರು ಉಸಿರು ಬಿಟ್ಟಿತ್ತು. ಅದಕ್ಕೂ ಮುಂಚೆಯೇ ಚಾರ್ಜ್ ಉಳಿಸಲು ಎಸಿ ಆರಿಸಿದ್ದರಂತೆ. ಡಯಾಲಿಸಿಸ್ ಮುಗಿಸಿ ಬಂದ, ಎದ್ದು ನಿಲ್ಲಲೂ ತ್ರಾಣವಿಲ್ಲದ ಅರವತ್ತೆಂಟರ ಹೆಂಗಸು ಆ ಬಿಸಿಲಿನಲ್ಲಿ ಹುಣಸೆಮರದ ಕೆಳಗೆ ಟವಲಿನ ಮೇಲೆ ಮಲಗಿದ್ದರು. ಕುರಿ ಮೇಯಿಸುತ್ತಿದ್ದವರು ತಮ್ಮ ಕೊಡೆ ಹಿಡಿದು ನೆರಳು ಮಾಡಿದರು. ಕೊನೆಗೆ ತೆಂಗಿನಕಾಯಿ ಹೇರಿದ ಡೀಸೆಲ್ ಲಗೇಜ್ ಆಟೋ ಒಂದು ಬಂತು, ಅದರಲ್ಲಿ ಮನೆ ಸೇರಿದರು. ದಾರಿಯುದ್ದಕ್ಕೂ ವಾಂತಿ. ಮಂಗಳವಾರದ ಡಯಾಲಿಸಿಸ್ ತಪ್ಪಿತು. ಇನ್ನು ವಾರಕ್ಕೆ ಒಂದೇ ಸಲ ಸಾಕು ಅನ್ನುತ್ತಿದ್ದಾರಂತೆ ಎಂದು ಗಿರಿಜಕ್ಕ ಪಾತ್ರೆ ತೊಳೆಯುತ್ತಲೇ ಹೇಳಿದರು. ಅದರ ಅರ್ಥ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಿಗ್ಗೆ 'ಮತ್ತೆ ಶುರು' ಒತ್ತಿದ್ದರೆ ಆಗುತ್ತಿತ್ತಲ್ಲ ಎಂದೆ. ತಪ್ಪನ್ನು ಬೇರೆಯವರ ಮೇಲೆ ಹಾಕುವ ಅವಸರ ನೋಡಿ.

"ಎದ್ದ ಎಲೆಗೆ ಯಾರಾದ್ರೂ ಮತ್ತೆ ಕೂರ್ತಾರೇನೇ?" ಅಂದರು ಗಿರಿಜಕ್ಕ. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಆ ಬಟನ್ನನ್ನು ಯಾಕೆ ಯಾರೂ ಒತ್ತಲಿಲ್ಲ ಎಂಬುದು ಆಗ ತಿಳಿಯಿತು. ನಾನು ಪ್ರತಿಯೊಬ್ಬರನ್ನೂ ಅರ್ಧ ಊಟಕ್ಕೆ ಎಬ್ಬಿಸಿದ್ದೆ. ಹಾಗೆ ಎದ್ದವರು ಮರ್ಯಾದೆಗೆ ಅಂಜಿ ಸುಮ್ಮನೆ ಹೋಗಿದ್ದರು. ಮಧ್ಯಾಹ್ನದ ವಿಷಯವಂತೂ ಇನ್ನೂ ಕೆಟ್ಟದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಗನ್ನಿಗೆ ಸಿಕ್ಕಿಸಿದ ಕಾರು ಮಾತ್ರ ಇತ್ತು. ಬಂದು, ನೋಡಿ, ತಿರುಗಿ ಹೋದವರು ಅದರಲ್ಲಿ ಇರಲೇ ಇಲ್ಲ. ಕಣ್ಣಾರೆ ಕಂಡ ನಾನೂ ಕೈ ಎತ್ತಿ ಕಳಿಸಿಕೊಟ್ಟಿದ್ದೆ.

ಬುಧವಾರ ಯಗಟಿಯ ಬಸ್ಸು ಹತ್ತಿದೆ. ಟೀಚರ ಮನೆ ಶಾಲೆಯ ಹಿಂದಿನ ಬೀದಿಯಲ್ಲಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಂಚ, ಮಂಚದ ಮೇಲೆ ಅವರು. ತಂಗಿಯ ಮಗಳು ಜೊತೆಗಿದ್ದಳು. ಮಲ್ಲೇಶಣ್ಣ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದು ಆಚೆ ಹೋಗಿ ನಿಂತರು. ನಾನು ನಿಂತುಕೊಂಡೇ ತಪ್ಪೊಪ್ಪಿಕೊಂಡೆ. ಏನೇನೋ ಹೇಳಿದೆ. ಅಳಬಾರದು ಎಂದುಕೊಂಡು ಹೋಗಿದ್ದವಳು ಅತ್ತೇಬಿಟ್ಟೆ. ಟೀಚರು ಅಳು ಮುಗಿಯುವವರೆಗೆ ಕಾದರು. ಆಮೇಲೆ, ಈ ಎಬ್ಬಿಸಬಾರದು ಅನ್ನುವುದನ್ನು ನಿನಗೆ ಯಾರು ಹೇಳಿದ್ದು ಎಂದು ಕೇಳಿದರು. ಮಲ್ಲೇಶಣ್ಣ ಅಂದೆ. ಅವರಿಗೆ ನಗು ಬಂತು.

ಟೀಚರಿಗೆ ಏಳು ವರ್ಷವಿದ್ದಾಗಿನ ಮಾತು. ಊರಿನ ದೊಡ್ಡ ಮನೆಯಲ್ಲಿ ಮದುವೆ. ಅವರ ಕೇರಿಯವರೆಲ್ಲ ಪಾತ್ರೆ ಹಿಡಿದು ಚಪ್ಪರದಾಚೆ ಬೇಲಿಯ ಪಕ್ಕ ಕೂತಿದ್ದರು. ಎಲ್ಲ ಪಂಕ್ತಿ ಮುಗಿದ ಮೇಲೆ ಅವರಿಗೆ. ಒಂದು ಪಂಕ್ತಿ ಏಳುತ್ತದೆ, ಇನ್ನೊಂದು ಕೂರುತ್ತದೆ. ಉಂಡವರು ಎಲೆ ಮುಂದೆಯೇ ಕೂತು ಹಾಡು ಹೇಳುತ್ತಾರೆ, ಹರಟೆ ಹೊಡೆಯುತ್ತಾರೆ. ಪಕ್ಕದವರ ಊಟ ಮುಗಿಯುವವರೆಗೆ ಏಳುವ ಹಾಗಿಲ್ಲ. ಹೊತ್ತು ಇಳಿಯಿತು.

"ಹಸಿವು ಅಷ್ಟೇನ್ ನೆನಪಿಲ್ಲ ಕಣಮ್ಮ. ಒಳಗೆ ಕೂತೋರಿಗೆ ನಾವು ಕಾಣ್ತಾನೇ ಇರ್ಲಿಲ್ಲ. ಅದು ನೆನಪಿದೆ. ಎಬ್ಬಿಸಬಾರದು ಅನ್ನೋದು ಉಣ್ಣೋರ ಮರ್ಯಾದೆ. ಕಾಯೋರ ಮರ್ಯಾದೆ ಏನು ಅಂತ ಯಾರೂ ಕೇಳ್ಲಿಲ್ಲ."

ಬಾಗಿಲ ಆಚೆ ಮಲ್ಲೇಶಣ್ಣ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಾ ನಿಂತಿದ್ದರು. ಟೀಚರು ಅವರ ಕಡೆ ಗಲ್ಲ ತೋರಿಸಿ, ಅದು ಇವನ ದೊಡ್ಡಪ್ಪನ ಮದುವೆ, ಇವನಿನ್ನೂ ಹುಟ್ಟಿರಲಿಲ್ಲ ಅಂದರು. ದನಿಯಲ್ಲಿ ಕೊಂಕಿರಲಿಲ್ಲ. ಆದರೂ ಮಲ್ಲೇಶಣ್ಣ ತಲೆ ಎತ್ತಲಿಲ್ಲ. ಅವರು ವಾರಕ್ಕೆರಡು ದಿನ ಬೇರೆ ಯಾವ ಬಾಡಿಗೆಯನ್ನೂ ಯಾಕೆ ಒಪ್ಪುತ್ತಿರಲಿಲ್ಲ, ಆಸ್ಪತ್ರೆಯ ಹೊರಗಿನ ಬೆಂಚು ಬಿಟ್ಟು ಯಾಕೆ ಕದಲುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ಹಾಗಾದರೆ ಎಂಬತ್ತಕ್ಕೆ ಎಬ್ಬಿಸಿದ್ದು ಸರಿಯೇ ಎಂದು ಟೀಚರನ್ನು ಕೇಳಿದೆ. ನನಗೆ ನಿಜವಾಗಿ ಗೊತ್ತಾಗುತ್ತಿರಲಿಲ್ಲ.

"ಅದೂ ತಪ್ಪೇ. ಬಡಿಸೋರು ಏನ್ಮಾಡ್ತಾರೆ? ಎಲೆ ಮುಂದೆ ಬಂದು ನಿಂತು, ಸಾಕಾ, ಇನ್ನೂ ಬೇಕಾ ಅಂತ ಕೇಳ್ತಾರೆ. ಸಾಕಾದೋರು ಕೈ ಅಡ್ಡ ಹಿಡೀತಾರೆ. ಕೇಳ್ದೆ ಇದ್ರೆ ಯಾರಿಗ್ ಗೊತ್ತಾಗುತ್ತೆ ಹೇಳು. ಯಾರು ಕಾಯ್ತಾ ಇದಾರೆ ಅನ್ನೋದ್ನೂ ತೋರ್ಸಿ ಕೇಳು."

ಶುಕ್ರವಾರ ಬರುತ್ತೀರಾ ಎಂದೆ. ಉತ್ತರ ಆಚೆಯಿಂದ ಬಂತು. ಆ ಕಾರು ಮಾರಿಬಿಡುವುದೆಂದು ಮಲ್ಲೇಶಣ್ಣ ತೀರ್ಮಾನ ಮಾಡಿಯಾಗಿತ್ತು. "ನಿಮ್ ಫೋನ್ ನಂಬ್ಕಂಡು ಟೀಚರ್‌ನ ಇನ್ನೊಂದ್ಸಲ ಬಿಸ್ಲಲ್ಲಿ ಮಲಗ್ಸಕ್ಕಾಗಲ್ಲ ಮೇಡಂ." ಡೀಸೆಲ್ ಗಾಡಿಯಲ್ಲಿ ಟೀಚರು ಬರುವುದಿಲ್ಲ, ಎಲೆಕ್ಟ್ರಿಕ್ ಗಾಡಿಯಲ್ಲಿ ಇವರು ಕರೆದೊಯ್ಯುವುದಿಲ್ಲ. ನಡುವೆ ನಾನು. ಕೊನೆಗೆ ಟೀಚರೇ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದರು: ಶುಕ್ರವಾರ ನಾನು ಬರ್ತೀನಿ, ಮಲ್ಲೇಶ ಕರ್ಕೊಂಡು ಬರ್ತಾನೆ, ನೀನು ಅಷ್ಟರಲ್ಲಿ ಅದಕ್ಕೆ ಕೇಳೋದು ಕಲಿಸು.

ಯಗಟಿ ಬಸ್‌ಸ್ಟಾಂಡಿನಲ್ಲಿ ನಿಂತೇ ನಾನು ಎಂಬತ್ತರ ಕಡಿತವನ್ನು ತೆಗೆದುಹಾಕಿದೆ. ಯಾರನ್ನೂ ಕೇಳಲಿಲ್ಲ. ಬಸ್ಸು ಕಡೂರು ಮುಟ್ಟುವುದರೊಳಗೆ ಮ್ಯಾನೇಜರ ಫೋನು ಬಂತು. ಚೆನ್ನಾಗಿಯೇ ಉಗಿದರು. ಒಂದು ತಿಂಗಳು ಕೊಡುತ್ತೇನೆ, ಆಗಲಿಲ್ಲವೆಂದರೆ ಕಡಿತವನ್ನೂ ತರುತ್ತೇನೆ, ನಿನ್ನನ್ನೂ ವಾಪಸು ಕರೆಸುತ್ತೇನೆ ಅಂದರು. ಶುಕ್ರವಾರಕ್ಕೆ ಏನೂ ಸಿದ್ಧವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ್ಯಪ್ ಬರೆಯುವುದು ಬೋರ್ಡು ಬರೆದಷ್ಟು ಬೇಗ ಆಗುವ ಕೆಲಸವಲ್ಲ. ಹಾಗಾಗಿ ಆ ಶುಕ್ರವಾರ ಆ್ಯಪ್ ಮಾಡಬೇಕಾದ್ದನ್ನು ನಾನೇ ಮಾಡಿದೆ. ಗನ್ ಹಿಡಿದು ಊಟಕ್ಕೆ ಕೂತವರ ಮುಂದೆ ಹೋಗಿ ನಿಂತು, ಯಗಟಿಯ ಮಲ್ಲೇಶಪ್ಪನವರು ಕಾಯುತ್ತಿದ್ದಾರೆ, ಟೀಚರಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ನಿಮಗೆ ಸಾಕಾ ಇನ್ನೂ ಬೇಕಾ ಎಂದೆ. ಅವರು ತುತ್ತನ್ನು ಬಾಯಿಗಿಟ್ಟುಕೊಂಡೇ ಗಡಿಬಿಡಿಯಿಂದ ಎದ್ದರು. ಅವರದು ಐವತ್ತೂ ಆಗಿರಲಿಲ್ಲ. ತರೀಕೆರೆಗೆ ಹೋಗುವವರು, ಅಷ್ಟು ಸಾಕಂತೆ. ಮೊದಲೇ ಹೇಳಬಾರದಿತ್ತಾ ಎಂದು ನನ್ನನ್ನೇ ಗದರಿದರು.

ಆ ಒಂದು ತಿಂಗಳು ನಾನು ಕೆಲಸ ಮಾಡಿದ ಹಾಗೆ ಮತ್ತೆಂದೂ ಮಾಡಿಲ್ಲ. ಪರದೆಗಳನ್ನು ಮೊದಲು ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬರೆದು ಡ್ರೈವರುಗಳ ಮುಂದೆ ಹಿಡಿಯುತ್ತಿದ್ದೆ. ಎಷ್ಟು ಕಿಲೋಮೀಟರ್ ಬೇಕು ಎಂದರೆ ತಲೆ ಕೆರೆದುಕೊಳ್ಳುತ್ತಿದ್ದರು. ಎಲ್ಲಿಗೆ ಹೋಗಿ ಬರಬೇಕು ಎಂದರೆ ಥಟ್ಟನೆ ಹೇಳುತ್ತಿದ್ದರು. ಹಾಗಾಗಿ ಆ್ಯಪ್ ಮೊದಲು ಅದನ್ನೇ ಕೇಳುವಂತೆ ಮಾಡಿದೆವು. ಬುಕ್ಕಾಂಬುಧಿ ಕೆರೆ ಏರಿ, ಬೀರೂರು ಅತ್ತೆ ಮನೆ, ಏನು ಬೇಕಾದರೂ ಹೆಸರಿಡಬಹುದು. ಬಂದು ಕಾಯುವವರು ಎಲ್ಲಿಗೆ ಎಂದು ಹೇಳಿದರೆ ಸಾಕು; ಗನ್ ಹಿಡಿದವರ ಫೋನಿನಲ್ಲಿ ಅವರ ಹೆಸರು, ಊರು, ಹೋಗಬೇಕಾದ ಜಾಗ ಮೂಡುತ್ತದೆ. ಕೆಳಗೆ, 'ಸಾಕಾ? ಇನ್ನೂ ಬೇಕಾ?' ಯಾರನ್ನೂ ಎಬ್ಬಿಸುವುದಿಲ್ಲ, ಕಾಯುವವರು ಯಾರ ಮುಂದೆಯೂ ಹೋಗಿ ಕೈ ಹಿಸುಕಿಕೊಳ್ಳುತ್ತಾ ನಿಲ್ಲಬೇಕಿಲ್ಲ. 'ಸಾಕು' ಎಂಬ ಬಟನ್ನನ್ನು ದೊಡ್ಡದಾಗಿ, ಎಡಗಡೆಗೆ ಇಟ್ಟೆ. ಬಲಗೈ ಎಂಜಲಾಗಿರುತ್ತದೆ, ಒತ್ತುವುದು ಎಡಗೈ ಹೆಬ್ಬೆರಳು ತಾನೇ. ಆಫೀಸಿನಲ್ಲಿ ಬಲಗಡೆಗೆ ಹಾಕಿ ಎಂದು ವಾದ ಮಾಡಿದವರಿಗೆ, ಒಂದು ದಿನ ಗಿರಿಜಕ್ಕನಲ್ಲಿ ಮುದ್ದೆ ಉಂಡು ಆಮೇಲೆ ಮಾತಾಡಿ ಎಂದೆ.

ಅದು ಮೊದಲ ಸಲ ನಿಜವಾಗಿ ಕೆಲಸ ಮಾಡಿದ್ದು ರೋಹಿಣಿ ಮಳೆ ಶುರುವಾದ ಮಂಗಳವಾರ. ಬೆಳಿಗ್ಗೆಯಿಂದ ಜಡಿ. ಮಲ್ಲೇಶಣ್ಣನ ಕಾರು ಮಧ್ಯಾಹ್ನ ವಾಪಸು ಬಂದಾಗ ಎರಡೂ ಗನ್ ತುಂಬಿದ್ದವು. ಬೆಳಿಗ್ಗೆ ಅವರೂ ಯಾರಿಗೋ 'ಸಾಕು' ಎಂದು ಎಪ್ಪತ್ತಕ್ಕೇ ಬಿಟ್ಟುಕೊಟ್ಟು ಹೋಗಿದ್ದರು. ಅಜ್ಜಂಪುರದ ಅದೇ ಈರುಳ್ಳಿ ಯಜಮಾನರು ನನ್ನ ಎದುರು ಕೂತು ಉಣ್ಣುತ್ತಿದ್ದರು. ಅವರ ಫೋನು ಸಣ್ಣಗೆ ಸದ್ದು ಮಾಡಿತು. ಕನ್ನಡಕ ಏರಿಸಿ ಓದಿದರು: ಮಲ್ಲೇಶಪ್ಪ, ಯಗಟಿ. ಟೀಚರಮ್ಮನ ಆಸ್ಪತ್ರೆ. ಎಡಗೈ ಹೆಬ್ಬೆರಳು ಒತ್ತಿತು. ಕೈ ತೊಳೆದು, ತಲೆಯ ಮೇಲೆ ಟವಲ್ ಹಾಕಿಕೊಂಡು ಮಳೆಯಲ್ಲೇ ಹೋಗಿ ಕಾರು ತೆಗೆದರು. ನಾನೂ ಹೊರಗೆ ಓಡಿದೆ. ಮಲ್ಲೇಶಣ್ಣ ಗನ್ ಚುಚ್ಚಿ, ಮಾತಾಡಬೇಡಿ ಎಂದು ಕೈಸನ್ನೆ ಮಾಡಿದರು. ಹಿಂದಿನ ಸೀಟಿನಲ್ಲಿ ಟೀಚರು ಬಾಯಿ ಸ್ವಲ್ಪ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ಚಾರ್ಜ್ ಆಗುವಷ್ಟೂ ಹೊತ್ತು ನಾವಿಬ್ಬರೂ ಹೋಟೆಲಿನ ಸೂರಿನ ಕೆಳಗೆ ನಿಂತು ಮಳೆ ನೋಡಿದೆವು. ಎರಡು ದಿನದ ಮೇಲೆ ನಾನು ತುಮಕೂರಿಗೆ ಹೊರಟೆ.

ಇದೆಲ್ಲ ಕಳೆದ ವಾರ ಉಪ್ಪೆಸರಿನ ಮುಂದೆ ಕೂತಾಗ ಬಂದದ್ದು. ಗಿರಿಜಕ್ಕ ಮುದ್ದೆ ಬಡಿಸಿ, ದಪ್ಪ ಆಗಿದೀಯ ಎಂದು ಹೇಳಿ ಒಳಗೆ ಹೋದರು. ಮೂರನೇ ತುತ್ತಿಗೆ ಫೋನು ಸದ್ದು ಮಾಡಿತು. ನನ್ನ ಹಳದಿ ಪರದೆ, ನನ್ನ ದಪ್ಪ ಅಕ್ಷರ. ಮಲ್ಲೇಶಪ್ಪ, ಯಗಟಿ. ಟೀಚರಮ್ಮನ ಆಸ್ಪತ್ರೆ. ಸಾಕಾ? ಇನ್ನೂ ಬೇಕಾ? ನನ್ನದು ಐವತ್ತೆರಡರಲ್ಲಿತ್ತು. ಎಡಗೈಯಲ್ಲಿ 'ಸಾಕು' ಒತ್ತಿ, ಕೈಯನ್ನೂ ಸರಿಯಾಗಿ ತೊಳೆಯದೆ ಹೊರಗೆ ಬಂದೆ. ಮೂರು ವರ್ಷದಲ್ಲಿ ಒಂದು ಸಲವೂ ಫೋನು ಮಾಡಿರಲಿಲ್ಲ, ಮೊದಲು ಟೀಚರ ಹತ್ತಿರ ಬೈಸಿಕೊಳ್ಳಬೇಕು ಎಂದುಕೊಂಡೇ ಮಲ್ಲೇಶಣ್ಣನ ಕಾರಿನ ಕಿಟಕಿಗೆ ಬಗ್ಗಿದೆ.

ಹಿಂದಿನ ಸೀಟಿನಲ್ಲಿ ನಾನು ಕಂಡರಿಯದ ಒಬ್ಬ ಗಂಡಸು ಕೂತಿದ್ದರು. ಬಾಡಿದ ಮುಖ, ಎಡಗೈಗೆ ಉದ್ದ ತೋಳು. ಎಮ್ಮೆದೊಡ್ಡಿಯವರಂತೆ, ಅವರಿಗೂ ವಾರಕ್ಕೆರಡು ಸಲ.

ಮಲ್ಲೇಶಣ್ಣನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಹೋದ ದೀಪಾವಳಿ ಕಳೆದ ಮೇಲೆ ಟೀಚರು ತೀರಿಕೊಂಡರು ಎಂದು ಹೇಳಿದರು. ಕೊನೆಯ ವಾರದವರೆಗೂ ಒಂದು ಡಯಾಲಿಸಿಸ್ಸೂ ತಪ್ಪಿಸಲಿಲ್ಲವಂತೆ. ನಾನು ಗನ್ ಕಿತ್ತು ಅವರ ಕೈಗೆ ಕೊಟ್ಟೆ. ಆಮೇಲೆ, ಆ್ಯಪ್‌ನಲ್ಲಿ ಇನ್ನೂ ಟೀಚರಮ್ಮನ ಆಸ್ಪತ್ರೆ ಅಂತಲೇ ಬರುತ್ತಿದೆ, ಬದಲಾಯಿಸುವುದು ಹೇಗೆಂದು ತೋರಿಸಲೇ ಎಂದೆ.

"ಬದ್ಲಾಯ್ಸಕ್ಕೆ ಬತ್ತದೆ ಕಣವ್ವ" ಅಂದರು ಮಲ್ಲೇಶಣ್ಣ. "ಬದ್ಲಾಯ್ಸಿಲ್ಲ."

ಗನ್ ಚುಚ್ಚಿ, ಹಿಂದಿನ ಸೀಟಿನವರಿಗೆ ನೀರಿನ ಬಾಟಲಿ ಕೊಟ್ಟು, ಅವರು ಬೆಂಚಿನ ಮೇಲೆ ಹೋಗಿ ಕೂತರು. ನಾನು ಅರ್ಧಕ್ಕೆ ಬಿಟ್ಟುಬಂದ ಎಲೆಯನ್ನು ಗಿರಿಜಕ್ಕ ಆಗಲೇ ಎತ್ತಿಬಿಟ್ಟಿದ್ದರು.